ಕಂಪನಿ ಹೆಸರು ಬದಲಿಸಿದರೆ ಬೋರ್ಡಿನ ಖರ್ಚು ಯಾರದ್ದು? ಫ್ರಾಂಚೈಸಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ನೋಡಬೇಕಾದ್ದು

ಒಂದು ಕಂಪನಿಯ ಹೆಸರಿನಲ್ಲಿ ಮಳಿಗೆ ನಡೆಸಲು ಮಾಡಿಕೊಳ್ಳುವ ಫ್ರಾಂಚೈಸಿ ಒಪ್ಪಂದ ಹಿಡಿದುಕೊಂಡು ನನ್ನ ಕಚೇರಿಗೆ ಬರುವವರು ಮೊದಲು ತೆಗೆದು ತೋರಿಸುವುದು ರಾಯಲ್ಟಿ, ಅಂದರೆ ಆ ಹೆಸರು ಬಳಸಲು ಕಂಪನಿಗೆ ಕಟ್ಟುತ್ತಾ ಹೋಗುವ ಹಣ, ಇರುವ ಪುಟ. ಆಮೇಲೆ ಡೆಪಾಸಿಟ್ಟು, ಆಮೇಲೆ ಎಷ್ಟು ವರ್ಷ ಅನ್ನುವುದು. ಟ್ರೇಡ್‌ಮಾರ್ಕ್ (ಬ್ರಾಂಡಿನ ಹೆಸರು, ಲೋಗೋ) ಎಂದು ತಲೆಬರಹ ಇರುವ ಪುಟ ಬಂದಾಗ "ಅದು ಕಂಪನಿ ವಿಷ್ಯ ಅಲ್ವಾ ಮೇಡಂ" ಎಂದು ಮಗುಚಿಬಿಡುತ್ತಾರೆ. ಚಿಕ್ಕಮಗಳೂರಿನಲ್ಲಿ ಅಂಗಡಿ, ಕೆಫೆ, ಪ್ರೀಸ್ಕೂಲು ನಡೆಸುವವರ ಕರಾರುಪತ್ರ ಓದಿ ಹೇಳುವುದೇ ನನ್ನ ವಕೀಲಿಕೆಯ ದೊಡ್ಡ ಪಾಲು. ನಾನು ಮೊದಲು ತೆರೆಯುವುದು ಅವರು ಮಗುಚಿದ ಆ ಪುಟವನ್ನೇ.

ರಾಯಲ್ಟಿ ಎಷ್ಟೆಂದು ಸಹಿ ಹಾಕುವ ದಿನವೇ ಗೊತ್ತಿರುತ್ತದೆ, ಅದಕ್ಕೆ ತಕ್ಕ ಹಾಗೆ ದರ ಇಟ್ಟುಕೊಳ್ಳಬಹುದು. ಆದರೆ "ನಮ್ಮ ಬ್ರಾಂಡಿನ ಹೆಸರು ಬದಲಾಗಿದೆ, ನಿಮ್ಮ ಮಳಿಗೆಯನ್ನು ಹೊಸ ರೂಪಕ್ಕೆ ತರತಕ್ಕದ್ದು" ಎಂಬ ಪತ್ರ ಯಾವ ತಿಂಗಳು ಬರುತ್ತದೆ, ಬಂದರೆ ಎಷ್ಟು ಲಕ್ಷ ಬೇಕಾಗುತ್ತದೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಆ ಖರ್ಚು ಯಾರ ತಲೆಗೆ ಎಂಬುದನ್ನು ಮಾತ್ರ ಆ ಪುಟದ ಎರಡು ಮೂರು ವಾಕ್ಯ ಆಗಲೇ ತೀರ್ಮಾನ ಮಾಡಿರುತ್ತವೆ. ಅದನ್ನು ತಿದ್ದಿಸುವ ಶಕ್ತಿ ನಿಮಗಿರುವುದು ಸಹಿಗೆ ಮುಂಚೆ. ದುಡ್ಡು ಕಟ್ಟಿ ಮಳಿಗೆ ತೆರೆದ ಮೇಲೆ ಕೇಳಿದರೆ ಕಂಪನಿ ಕಿವಿಗೊಡಬೇಕಾದ ಅಗತ್ಯವೇ ಇರುವುದಿಲ್ಲ.

ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವ ಕಂಪನಿ ಸಹಿಗೆ ಕನಿಷ್ಠ 14 ದಿನ ಮುಂಚೆ ಒಂದು ಮಾಹಿತಿ ದಾಖಲೆ ಕೊಡಲೇಬೇಕು. ಅದರ 13ನೇ ಬಾಬ್ತು ಪೂರ್ತಿ ಟ್ರೇಡ್‌ಮಾರ್ಕಿನದ್ದು. ಹೆಸರು ಬದಲಿಸಲು ಅಥವಾ ನಿಲ್ಲಿಸಲು ಹೇಳಿದರೆ ಫ್ರಾಂಚೈಸಿಗೆ ಏನು ಹಕ್ಕಿದೆ ಎಂಬುದನ್ನೂ ಅಲ್ಲಿ ಬರೆಯಬೇಕು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ, ಜೊತೆಗೆ ನಿಮ್ಮ ಕೈಯಲ್ಲಿರುವ ಆ ಕಾಗದ. ಹಾಗಾಗಿ ಕಂಪನಿ ತಾನಾಗಿ ಹೇಳದ್ದನ್ನು ನೀವೇ ಕೇಳಿ ಬರೆಸಿಕೊಳ್ಳಬೇಕು.

ಹೆಸರು ಯಾರದ್ದೆಂದು ಮೊದಲು ನೀವೇ ನೋಡಿ

ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ಶುಲ್ಕ ಇಲ್ಲ. ಹುಡುಕುವಾಗ ವರ್ಗ ಗೊತ್ತಿರಬೇಕು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. ಹೋಟೆಲು, ಕೆಫೆ 43ರಲ್ಲಿ ಬರುತ್ತವೆ. ಕಾಫಿಪುಡಿ, ಐಸ್‌ಕ್ರೀಂ, ಬೇಕರಿ ತಿನಿಸು 30ರಲ್ಲಿ. ಶಿಕ್ಷಣ, ಪ್ರೀಸ್ಕೂಲು 41ರಲ್ಲಿ. ಬಟ್ಟೆಬರೆ 25ರಲ್ಲಿ. ಒಂದು ಕಾಫಿ ಕಂಪನಿಗೆ ಪುಡಿ ಮಾರುವ 30ರಲ್ಲಿ ನೋಂದಣಿ ಆಗಿದ್ದು, ಕೆಫೆ ನಡೆಸುವ 43ರಲ್ಲಿ ಬೇರೆ ಯಾರದ್ದೋ ಅದೇ ಹೆಸರು ಕೂತಿರಬಹುದು. ಕಂಪನಿಯವರು "ನಮ್ಮದು ರಿಜಿಸ್ಟರ್ ಆಗಿದೆ" ಎಂದದ್ದು ಸುಳ್ಳಲ್ಲ, ಆದರೆ ನಿಮ್ಮ ವ್ಯಾಪಾರಕ್ಕೆ ಅದರಿಂದ ರಕ್ಷಣೆ ಸಿಗುವುದಿಲ್ಲ.

ಅರ್ಜಿಯ ಮುಂದೆ ಅದರ ಸ್ಥಿತಿ ತೋರಿಸುತ್ತದೆ. 'ರಿಜಿಸ್ಟರ್ಡ್' ಅಂದರೆ ಸರಿ. 'ಆಬ್ಜೆಕ್ಟೆಡ್' ಅಂದರೆ ಕಚೇರಿಯ ಪರೀಕ್ಷಕರೇ ತಕರಾರು ತೆಗೆದಿದ್ದಾರೆ. 'ಒಪೋಸ್ಡ್' ಅಂದರೆ ಹೊರಗಿನವರು ಯಾರೋ ವಿರೋಧ ಸಲ್ಲಿಸಿದ್ದಾರೆ. ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ವಿರೋಧಕ್ಕೆ 4 ತಿಂಗಳ ಕಾಲಾವಕಾಶ ಇರುತ್ತದೆ, ಆ ಅವಧಿ ಮುಗಿದಿದೆಯೇ ಎಂದೂ ನೋಡಿ. ವಿರೋಧ ಇರುವ ಹೆಸರಿನ ಮೇಲೆ ಮಳಿಗೆ ತೆರೆಯುವುದಾದರೆ ಹೆಸರು ಬದಲಾಗುವ ದಿನ ಬಂದೇ ಬರಬಹುದು ಎಂದುಕೊಂಡೇ ಕರಾರು ಮಾಡಿಕೊಳ್ಳಬೇಕು. ನೋಂದಣಿ ಆಗಿದ್ದರೂ ಅದರ ಆಯಸ್ಸು 10 ವರ್ಷ. ನಿಮ್ಮ ಒಪ್ಪಂದದ ಅವಧಿಯ ನಡುವೆ ಅದು ಮುಗಿಯುವುದಿದ್ದರೆ ನವೀಕರಣ ಮಾಡಿಸುವ ಹೊಣೆ ಕಂಪನಿಯದ್ದು ಎಂದು ಬರೆಸಿ. ಬೋರ್ಡಿನಲ್ಲಿ ವೃತ್ತದೊಳಗೆ ಆರ್ ಗುರುತು ಹಾಕುವಂತೆ ಕಂಪನಿ ಹೇಳಿದ್ದರೆ ನೋಂದಣಿ ನಿಜವಾಗಿ ಆಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಆಗದ ಹೆಸರನ್ನು ಆಗಿದೆ ಎಂದು ತೋರಿಸುವುದನ್ನು ಕಾಯ್ದೆಯ 107ನೇ ಕಲಂ ನಿಷೇಧಿಸಿದೆ, ಮತ್ತು ಆ ಬೋರ್ಡು ಇರುವುದು ನಿಮ್ಮ ಮಳಿಗೆಯ ಮೇಲೆ.

ಎಲ್ಲರೂ ಬಿಟ್ಟುಬಿಡುವ ಇನ್ನೊಂದು ವಿಷಯ ಮಾಲೀಕರ ಹೆಸರಿನ ಅಂಕಣ. ನಿಮ್ಮ ಜೊತೆ ಸಹಿ ಹಾಕುವ ಕಂಪನಿ ಒಂದು, ಟ್ರೇಡ್‌ಮಾರ್ಕಿನ ಮಾಲೀಕರು ಇನ್ನೊಬ್ಬರು ಎಂಬುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ನಿರ್ದೇಶಕರ ಸ್ವಂತ ಹೆಸರಿನಲ್ಲಿರುತ್ತದೆ, ಇಲ್ಲವೇ ಅಣ್ಣತಮ್ಮಂದಿರ ಹಳೇ ಪಾಲುದಾರಿಕೆಯ ಹೆಸರಿನಲ್ಲಿರುತ್ತದೆ. ಅವರ ಮನೆಯೊಳಗೆ ಪಾಲಿನ ಜಗಳ ಎದ್ದರೆ ನಿಮ್ಮ ಬೋರ್ಡಿಗೆ ಬರುತ್ತದೆ. ಹೀಗಿದ್ದಾಗ ಮಾಲೀಕರಿಂದ ಕಂಪನಿಗೆ, ಕಂಪನಿಯಿಂದ ನಿಮಗೆ ಬಳಕೆಯ ಅನುಮತಿ ಹರಿದು ಬಂದಿರುವ ಪತ್ರದ ಪ್ರತಿಯನ್ನು ಕೇಳಿ, ಒಪ್ಪಂದಕ್ಕೆ ಅನುಬಂಧವಾಗಿ ಹಚ್ಚಿಸಿ.

ನಮ್ಮೂರಿಗೆಂದೇ ಒಂದು ಮಾತು. ಬ್ರಾಂಡಿನ ಹೆಸರಿನಲ್ಲಿ 'ಚಿಕ್ಕಮಗಳೂರು' ಅಥವಾ 'ಬಾಬಾಬುಡನ್‌ಗಿರಿ' ಇದ್ದರೆ ಎರಡು ಪಟ್ಟು ಹುಷಾರಾಗಿರಿ. ಸರಕು ಹುಟ್ಟಿದ ಸ್ಥಳವನ್ನಷ್ಟೇ ಸೂಚಿಸುವ ಪದಕ್ಕೆ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಸಾಮಾನ್ಯವಾಗಿ ನೋಂದಣಿ ಕೊಡುವುದಿಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು (ಆ ಪ್ರದೇಶದ ಸರಕಿಗೇ ಸಲ್ಲುವ ಜಿಐ ನೋಂದಣಿ) ಸಿಕ್ಕಿದೆ. ನಮ್ಮ ಬೆಳೆಗಾರರು ತಲೆಮಾರುಗಳಿಂದ ಗಳಿಸಿದ ಹೆಸರು ಅದು. ಹೊರಗಿನ ಕಂಪನಿ ಅದನ್ನು ತನ್ನ ಸ್ವಂತ ಬ್ರಾಂಡಿನಂತೆ ಮಾರುತ್ತಿದ್ದರೆ ಒಂದಲ್ಲ ಒಂದು ದಿನ ತಕರಾರು ಏಳುತ್ತದೆ.

ಆ ಮೂರು ವಾಕ್ಯ

ಕಂಪನಿಗಳು ಕಳಿಸುವ ಇಂಗ್ಲಿಷ್ ಒಪ್ಪಂದಗಳಲ್ಲಿ ಈ ಕಲಂ ಹೆಚ್ಚುಕಡಿಮೆ ಒಂದೇ ಅಚ್ಚಿನದ್ದು. ಕನ್ನಡದಲ್ಲಿ ಇಟ್ಟರೆ ಹೀಗಿರುತ್ತದೆ: "ಕಂಪನಿಯು ತನ್ನ ಸ್ವಂತ ವಿವೇಚನೆಯಂತೆ ಯಾವುದೇ ಸಮಯದಲ್ಲಿ ಮಾರ್ಕುಗಳನ್ನು ಮಾರ್ಪಡಿಸಬಹುದು, ಕೈಬಿಡಬಹುದು ಅಥವಾ ಬದಲಿ ಮಾರ್ಕುಗಳನ್ನು ಸೂಚಿಸಬಹುದು. ಸೂಚನೆ ತಲುಪಿದ 30 ದಿನಗಳೊಳಗೆ ಫ್ರಾಂಚೈಸಿಯು ತನ್ನ ಸ್ವಂತ ಖರ್ಚಿನಲ್ಲಿ ಅದನ್ನು ಜಾರಿಗೊಳಿಸತಕ್ಕದ್ದು. ಈ ಸಂಬಂಧ ಉಂಟಾಗುವ ಯಾವುದೇ ನಷ್ಟಕ್ಕೆ ಕಂಪನಿಯು ಹೊಣೆಯಲ್ಲ."

ಮೊದಲ ವಾಕ್ಯದಲ್ಲಿ ಕಾರಣ ಹೇಳಬೇಕೆಂದಿಲ್ಲ, ಎಷ್ಟು ಸಲ ಎಂಬ ಮಿತಿಯಿಲ್ಲ. ಲೋಗೋದ ಬಣ್ಣ ತುಸು ಬದಲಿಸುವುದಕ್ಕೂ ಹೆಸರನ್ನೇ ಕಿತ್ತುಹಾಕುವುದಕ್ಕೂ ಒಂದೇ ತಕ್ಕಡಿ. ಎರಡನೆಯದರಲ್ಲಿ ಕಾಲ ಮತ್ತು ಖರ್ಚು ಎರಡೂ ನಿಮ್ಮ ಮೇಲೆ. ಮೂರನೆಯದು ಬಾಗಿಲು ಮುಚ್ಚುವ ವಾಕ್ಯ: ಹೊಸ ಹೆಸರಿನಿಂದ ಗಿರಾಕಿ ಕಡಿಮೆಯಾದರೂ ಕೇಳುವಂತಿಲ್ಲ. ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಕರಾರನ್ನು ಬದಲಿಸಲು ಎರಡೂ ಕಡೆಯ ಒಪ್ಪಿಗೆ ಬೇಕು, ನಿಜ. ಆದರೆ ಬದಲಿಸುವ ಅಧಿಕಾರವನ್ನು ನೀವು ಸಹಿಯ ದಿನವೇ ಕೊಟ್ಟುಬಿಟ್ಟಿದ್ದರೆ ಆಮೇಲೆ ನಿಮ್ಮ ಒಪ್ಪಿಗೆ ಕೇಳಬೇಕಾಗಿಲ್ಲ. ವ್ಯಾಪಾರಿಗಳಿಬ್ಬರು ಓದಿ ಸಹಿ ಮಾಡಿದ ಷರತ್ತನ್ನು ಕಠಿಣವಾಗಿದೆ ಎಂಬ ಒಂದೇ ಕಾರಣಕ್ಕೆ ಕೋರ್ಟು ತಿದ್ದಿಕೊಡುವುದು ಅಪರೂಪ.

ಪೂರ್ತಿ ಕಲಂ ತೆಗೆಸಲು ಹೋಗಬೇಡಿ, ಯಾವ ಕಂಪನಿಯೂ ಒಪ್ಪುವುದಿಲ್ಲ, ಒಪ್ಪುವುದು ಸರಿಯೂ ಅಲ್ಲ. ಊರೂರಿನಲ್ಲಿ ಬೇರೆ ಬೇರೆ ಬೋರ್ಡು ಇದ್ದರೆ ಬ್ರಾಂಡು ಉಳಿಯುವುದು ಹೇಗೆ? ನಾನು ಕೇಳುವುದು ಒಂದು ಸಣ್ಣ ಸೇರ್ಪಡೆ. ಅದರ ಸಾರ ಇದು: "ಬದಲಾವಣೆಗೆ ಕಾರಣವನ್ನು ಕಂಪನಿ ಲಿಖಿತವಾಗಿ ತಿಳಿಸಬೇಕು. ಕನಿಷ್ಠ 180 ದಿನಗಳ ಕಾಲಾವಕಾಶ ಕೊಡಬೇಕು. ಒಪ್ಪಂದದ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೆಸರಿನ ಬದಲಾವಣೆ ಆದರೆ ಎರಡನೆಯದರ ಪೂರ್ತಿ ಖರ್ಚು ಕಂಪನಿಯದ್ದು. ಫ್ರಾಂಚೈಸಿ ಭರಿಸುವ ಖರ್ಚು ಒಟ್ಟು ಇಂತಿಷ್ಟು ರೂಪಾಯಿ ಮೀರಬಾರದು. ಬೇರೆಯವರ ಹಕ್ಕಿನ ಕಾರಣದಿಂದ ಅಥವಾ ಕೋರ್ಟಿನ ಆದೇಶದಿಂದ ಬದಲಾಯಿಸಬೇಕಾಗಿ ಬಂದರೆ ಎಲ್ಲ ಖರ್ಚೂ ಕಂಪನಿಯದ್ದು." ಎಲ್ಲವೂ ಸಿಗದಿದ್ದರೂ ರೂಪಾಯಿಯ ಮಿತಿಯೊಂದನ್ನು ಬಿಡಬೇಡಿ. ಆ ಒಂದು ಅಂಕಿ ಇದ್ದರೆ ಉಳಿದ ಚರ್ಚೆಗೆಲ್ಲ ನೆಲೆ ಸಿಗುತ್ತದೆ.

ಇದಾದ ಮೇಲೆ ಒಪ್ಪಂದದಲ್ಲಿ 'ಮ್ಯಾನುಯಲ್' ಎಂಬ ಪದ ಎಲ್ಲೆಲ್ಲಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋಗಿ. ಮಳಿಗೆ ಹೇಗಿರಬೇಕು, ಗೋಡೆಗೆ ಯಾವ ಬಣ್ಣ, ಹುಡುಗರ ಟೀ ಶರ್ಟು ಹೇಗಿರಬೇಕು ಎಂಬುದೆಲ್ಲ ಆ ಮ್ಯಾನುಯಲ್ಲಿನಲ್ಲಿ ಇರುತ್ತದೆ. "ಕಾಲಕಾಲಕ್ಕೆ ತಿದ್ದುಪಡಿಯಾದಂತೆ" ಅದನ್ನು ಪಾಲಿಸಬೇಕು ಎಂದು ಒಪ್ಪಂದ ಹೇಳುತ್ತದೆ. ಟ್ರೇಡ್‌ಮಾರ್ಕ್ ಕಲಮಿನಲ್ಲಿ ನೀವು ಎಷ್ಟೇ ಗಟ್ಟಿಯಾಗಿ ಬರೆಸಿದರೂ, ಮ್ಯಾನುಯಲ್ ತಿದ್ದಿ ಅದೇ ಖರ್ಚನ್ನು ಹಿಂಬಾಗಿಲಿನಿಂದ ತರಬಹುದು. "ಮ್ಯಾನುಯಲ್ ತಿದ್ದುಪಡಿಯಿಂದ ಬರುವ ಬೋರ್ಡು ಮತ್ತು ಒಳಾಂಗಣದ ಖರ್ಚಿಗೂ ಮೇಲಿನ ಮಿತಿ ಅನ್ವಯಿಸುತ್ತದೆ" ಎಂಬ ಒಂದು ಸಾಲು ಸೇರಿಸಿದರೆ ಆ ಬಾಗಿಲೂ ಮುಚ್ಚುತ್ತದೆ.

ಏರಿಯಾ ಮ್ಯಾನೇಜರ್ ಬಾಯಲ್ಲಿ "ಹಾಗೆಲ್ಲ ಮಾಡಲ್ಲ ಸರ್, ಕಂಪನಿನೇ ಕೊಡುತ್ತೆ" ಎಂದದ್ದನ್ನು ನಂಬಿ ಕೂರಬೇಡಿ. ಅವರು ಒಳ್ಳೆಯವರೇ ಇರಬಹುದು, ಮುಂದಿನ ವರ್ಷ ಬೇರೆ ಕಂಪನಿಯಲ್ಲಿರುತ್ತಾರೆ. ಒಪ್ಪಂದದ ಕೊನೆಯಲ್ಲಿ "ಇದೇ ಪೂರ್ಣ ಒಪ್ಪಂದ" ಎಂಬ ಕಲಂ ಇದ್ದರೆ ಬಾಯಿಮಾತಿಗೆ ಬೆಲೆ ಇಲ್ಲ. ಅವರು ಹೇಳಿದ್ದನ್ನೇ ಇಮೇಲಿನಲ್ಲಿ ಬರೆದು ಕಳಿಸಿ, ಅನುಬಂಧದಲ್ಲಿ ಸೇರಿಸಲು ಕೇಳಿ. ಉತ್ತರ ಬಾರದಿದ್ದರೆ ಅವರ ಮಾತಿನ ತೂಕ ಎಷ್ಟೆಂದು ಸಹಿಗೆ ಮುಂಚೆಯೇ ಗೊತ್ತಾಗುತ್ತದೆ.

ಹೆಸರು ಯಾಕೆ ಬದಲಾಗುತ್ತಿದೆ ಅನ್ನುವುದರ ಮೇಲೆ ಖರ್ಚಿನ ಹಂಚಿಕೆ

ಕಾರಣ ಮೂರು ಬಗೆಯದ್ದು, ಮೂರಕ್ಕೂ ನ್ಯಾಯ ಬೇರೆ.

ಕಂಪನಿ ತನ್ನ ಇಷ್ಟದಿಂದ ಹೊಸ ರೂಪ ತರುವುದು ಒಂದು. ನಮ್ಮ ಜಿಲ್ಲೆಯ ತೋಟಗಳಿಂದಲೇ ಬೆಳೆದ ಕೆಫೆ ಕಾಫಿ ಡೇ 2009ರಲ್ಲಿ ಲೋಗೋ ಬದಲಿಸಿತು. ಅದರ ಕೆಫೆಗಳು ಬಹುಪಾಲು ಕಂಪನಿಯೇ ನಡೆಸುವಂಥವು, ಹಾಗಾಗಿ ಖರ್ಚು ಯಾರದ್ದೆಂಬ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳುವುದಿಲ್ಲ. ಫ್ರಾಂಚೈಸಿ ಮಳಿಗೆಗಳಲ್ಲಿ ಏಳುತ್ತದೆ. ಹೊಸ ರೂಪದಿಂದ ವ್ಯಾಪಾರ ಏರಿದರೆ ಲಾಭ ಇಬ್ಬರಿಗೂ ಉಂಟು, ಆದ್ದರಿಂದ ಇಂಥ ಖರ್ಚನ್ನು ಹಂಚಿಕೊಳ್ಳುವುದು ನ್ಯಾಯ ಎಂದು ನನ್ನ ಅಭಿಪ್ರಾಯ. ಬೋರ್ಡು, ಲೋಗೋ ಇರುವ ಸಾಮಗ್ರಿ ಕಂಪನಿಯದ್ದು, ಗೋಡೆಗೆ ಬಣ್ಣ ಬಳಿಯುವುದು ನಿಮ್ಮದು ಎಂದು ಮಾಡಿಕೊಂಡವರಿದ್ದಾರೆ. ಕೆಲವು ತಿಂಗಳ ರಾಯಲ್ಟಿ ಬಿಟ್ಟುಕೊಡುವ ರೀತಿಯಲ್ಲಿಯೂ ಕೇಳಬಹುದು. ಕಂಪನಿಗಳಿಗೆ ಚೆಕ್ ಕೊಡುವುದಕ್ಕಿಂತ ಇದು ಸುಲಭ.

ಬೇರೆಯವರ ಹಕ್ಕಿನಿಂದ ಬದಲಾಗುವುದು ಇನ್ನೊಂದು. ಅದೇ ಹೆಸರನ್ನು ಮೊದಲಿಂದ ಬಳಸುತ್ತಿದ್ದವರು ದಾವೆ ಹೂಡಿ ತಡೆಯಾಜ್ಞೆ ತಂದರೆ ಕಂಪನಿಗೂ ಬೇರೆ ದಾರಿಯಿಲ್ಲ. ಆದರೆ ನೀವು ದುಡ್ಡು ಕೊಟ್ಟದ್ದೇ ಆ ಹೆಸರಿಗೆ. ಹೆಸರು ನಮ್ಮದು ಎಂದು ಕಂಪನಿ ಕೊಟ್ಟ ಮಾತೇ ಬಿದ್ದುಹೋದ ಮೇಲೆ ಖರ್ಚಿನ ಒಂದು ರೂಪಾಯಿಯೂ ನಿಮ್ಮ ಮೇಲೆ ಬರಬಾರದು, ಮಳಿಗೆ ಮುಚ್ಚಿದ ದಿನಗಳ ಬಾಡಿಗೆ ಕೂಡ. ಈ ವಿಷಯದಲ್ಲಿ ನಾನು ನನ್ನ ಕಕ್ಷಿದಾರರಿಗೆ ರಾಜಿಯಾಗಲು ಬಿಡುವುದಿಲ್ಲ. ದಾವೆಯಲ್ಲಿ ನಿಮ್ಮನ್ನೂ ಪ್ರತಿವಾದಿ ಮಾಡಿದರೆ ವಕೀಲರ ಖರ್ಚು ಕಂಪನಿ ಕೊಡಬೇಕೆಂದೂ ಬರೆಸಿ. ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಕಲಂ ಪ್ರಕಾರ ಹಕ್ಕುದಾರರು ಕೆಲವು ಮಿತಿಗಳೊಳಗೆ ತಾವು ವ್ಯಾಪಾರ ನಡೆಸುವ ಊರಿನಲ್ಲೇ ದಾವೆ ಹಾಕಬಹುದು. ಚಿಕ್ಕಮಗಳೂರಿನವರು ದಿಲ್ಲಿಗೆ ಅಲೆಯಬೇಕಾಗಬಹುದು.

ಮೂರನೆಯದು ಬ್ರಾಂಡೇ ಮಾರಾಟವಾಗುವುದು, ಇಲ್ಲವೇ ಕಂಪನಿ ಇನ್ನೊಂದರ ಜೊತೆ ವಿಲೀನವಾಗುವುದು. 2007ರಲ್ಲಿ ಹಚ್ ಹೋಗಿ ವೊಡಾಫೋನ್ ಬಂದದ್ದು, 2020ರಲ್ಲಿ ಅದು ವಿಐ ಆದದ್ದು ಮೊಬೈಲ್ ಅಂಗಡಿ ಇಟ್ಟವರಿಗೆಲ್ಲ ನೆನಪಿರುತ್ತದೆ. ಇದಕ್ಕಿಂತ ಹಳೆಯದು ತಂಪು ಪಾನೀಯದ ಕಥೆ. 1993ರಲ್ಲಿ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಬ್ರಾಂಡುಗಳು ಪಾರ್ಲೆಯಿಂದ ಕೋಕಾ ಕೋಲಾದ ಕೈಗೆ ಹೋದವು. ಫ್ರಾಂಚೈಸಿ ಮೇಲೆ ಬಾಟಲಿ ತುಂಬುತ್ತಿದ್ದ ಗುಜರಾತ್ ಬಾಟ್ಲಿಂಗ್ ಕಂಪನಿಯ ಷೇರುಗಳು ಪೆಪ್ಸಿಯ ಕಡೆಗೆ ಹೋದಾಗ ಜಗಳ ಸುಪ್ರೀಂ ಕೋರ್ಟು ಮುಟ್ಟಿತು. 1995ರ ತೀರ್ಪು ಇಂದಿಗೂ ಫ್ರಾಂಚೈಸಿಯವರೆಲ್ಲ ತಿಳಿದಿರಬೇಕಾದ್ದು: ಒಪ್ಪಂದ ಚಾಲ್ತಿಯಲ್ಲಿರುವಷ್ಟು ಕಾಲ ಬೇರೆ ಬ್ರಾಂಡಿನ ವ್ಯಾಪಾರ ಮಾಡಬಾರದೆಂಬ ಷರತ್ತು ಕರಾರು ಕಾಯ್ದೆಯ 27ನೇ ಕಲಮಿಗೆ ವಿರುದ್ಧವಲ್ಲ. ಅಂದರೆ ಹೊಸ ಮಾಲೀಕರು ಹಿಡಿಸಲಿಲ್ಲವೆಂದು ಅವಧಿಯ ನಡುವೆ ಪಕ್ಕದ ಬ್ರಾಂಡಿಗೆ ಜಿಗಿಯಲಾಗದು. ಅದಕ್ಕೇ ಹೊರಬರುವ ಬಾಗಿಲನ್ನು ಒಪ್ಪಂದದೊಳಗೇ ಇಟ್ಟುಕೊಳ್ಳಬೇಕು. "ಬ್ರಾಂಡಿನ ಮಾಲೀಕತ್ವ ಬದಲಾಗಿ ಮೂಲ ಹೆಸರು ಕೈಬಿಟ್ಟರೆ, 90 ದಿನಗಳೊಳಗೆ ಫ್ರಾಂಚೈಸಿಯು ದಂಡವಿಲ್ಲದೆ ಒಪ್ಪಂದ ಮುಗಿಸಬಹುದು, ಡೆಪಾಸಿಟ್ಟು ಪೂರ್ತಿ ಹಿಂದಿರುಗಿಸಬೇಕು." ಬ್ರಾಂಡು ಕೊಳ್ಳುವವರು ನಿಮ್ಮ ಒಪ್ಪಂದದ ಷರತ್ತುಗಳಿಗೂ ಬದ್ಧರಾಗುವಂತೆ ಮಾಡಿಯೇ ಮಾರಬೇಕು ಎಂಬ ಮಾತನ್ನೂ ಸೇರಿಸಿ.

ಉಳಿದ ಅವಧಿಯ ಲೆಕ್ಕ

ಬೇಲೂರು ರಸ್ತೆಯಲ್ಲಿ ಐಸ್‌ಕ್ರೀಂ ಪಾರ್ಲರ್ ಇಟ್ಟಿರುವ ಒಬ್ಬರು ಕೇಳಿದ ಪ್ರಶ್ನೆ ಬಹಳ ಜನರದ್ದು. "ಅಗ್ರಿಮೆಂಟು ಮುಗಿಯೋಕೆ ಇನ್ನು ಹದಿನಾಲ್ಕು ತಿಂಗ್ಳಿದೆ ಮೇಡಂ. ಈಗ ಇಷ್ಟು ದುಡ್ಡು ಹಾಕಿದ್ರೆ, ಆಮೇಲೆ ಅವ್ರು ರಿನೀವಲ್ ಕೊಡ್ದಿದ್ರೆ?"

ಅದಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಬಹುದು. ಹೊಸ ಬೋರ್ಡು, ಕೌಂಟರ್, ಒಳಗಿನ ಕೆಲಸ ಎಲ್ಲ ಸೇರಿ 4,20,000 ರೂಪಾಯಿ ಆಗುತ್ತದೆ ಎನ್ನಿ. ಇಂಥ ಕೆಲಸಕ್ಕೆ 60 ತಿಂಗಳ ಬಾಳಿಕೆ ಎಂದು ಇಬ್ಬರೂ ಒಪ್ಪಿದರೆ ತಿಂಗಳಿಗೆ 7,000. ಉಳಿದ 14 ತಿಂಗಳಿಗೆ ನಿಮ್ಮ ಪಾಲು 98,000. ಮಿಕ್ಕ 3,22,000 ರೂಪಾಯಿಯನ್ನು ಕಂಪನಿ ಕೊಡಬೇಕು, ಇಲ್ಲವೇ ಆ ಖರ್ಚು ತೀರುವಷ್ಟು ಅವಧಿಗೆ ಒಪ್ಪಂದವನ್ನು ವಿಸ್ತರಿಸಬೇಕು. ಯಾವುದು ಎಂಬ ಆಯ್ಕೆ ಕಂಪನಿಗೇ ಬಿಡಿ. ಈ ಸೂತ್ರವನ್ನು ಮೊದಲೇ ಒಪ್ಪಂದದಲ್ಲಿ ಹಾಕಿದ್ದರೆ ಸರಿ, ಹಾಕಿಲ್ಲದಿದ್ದರೂ ಪತ್ರ ಬಂದಾಗ ಕೇಳಲು ಅಡ್ಡಿಯಿಲ್ಲ. ಕಾಗದದ ಮೇಲೆ ಅಂಕಿ ಇಟ್ಟು ಕೇಳಿದವರಿಗೂ "ಏನಾದ್ರೂ ಸಹಾಯ ಮಾಡಿ" ಎಂದವರಿಗೂ ಸಿಗುವ ಉತ್ತರ ಬೇರೆ ಬೇರೆ.

ಲೆಕ್ಕ ಹಾಕುವಾಗ ಜಿಎಸ್‌ಟಿ ಮರೆಯಬೇಡಿ. ಶೇ. 5ರ ದರದಲ್ಲಿರುವ ಹೋಟೆಲು, ಕೆಫೆಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಬೋರ್ಡಿನವರಿಗೆ, ಇಂಟೀರಿಯರ್‌ನವರಿಗೆ ಕಟ್ಟಿದ ತೆರಿಗೆ ವಾಪಸು ಬರುವುದಿಲ್ಲ, ಅದೂ ಖರ್ಚಿಗೇ ಸೇರಬೇಕು.

ಮಲೆನಾಡಿನ ಮಳೆ, ಕರ್ನಾಟಕದ ಕಾಯ್ದೆ

ಗುರುಗ್ರಾಮದಲ್ಲೋ ಮುಂಬೈಯಲ್ಲೋ ಕೂತು ಒಪ್ಪಂದ ಬರೆಯುವವರಿಗೆ ಜುಲೈ ತಿಂಗಳ ಚಿಕ್ಕಮಗಳೂರು ಗೊತ್ತಿರುವುದಿಲ್ಲ. 30 ದಿನದ ನೋಟಿಸು ಆಷಾಢದಲ್ಲಿ ಬಂದರೆ ಬೋರ್ಡಿಗೆ ಎಸಿಪಿ (ಅಲ್ಯೂಮಿನಿಯಂ) ಶೀಟು ಹೊಡೆಯುವವರು ಏಣಿ ಹತ್ತುವುದಿಲ್ಲ, ಹತ್ತಿಸುವುದೂ ತಪ್ಪು. ಎಲ್‌ಇಡಿ ಅಕ್ಷರಗಳಿಗೆ ವೈರು ಎಳೆದು ಸೀಲು ಮಾಡಲು ಒಣಹವೆ ಬೇಕು. ನಮ್ಮ ಭಾಗದ ಒಪ್ಪಂದಗಳಲ್ಲಿ "ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳನ್ನು ಹೊರಾಂಗಣ ಕೆಲಸದ ಗಡುವಿಗೆ ಲೆಕ್ಕ ಹಿಡಿಯಬಾರದು" ಎಂದು ನಾನು ಸೇರಿಸಲು ಕೇಳುತ್ತೇನೆ. ಕಾರಣ ವಿವರಿಸಿದರೆ ಕಂಪನಿಯವರೂ ಅರ್ಥ ಮಾಡಿಕೊಳ್ಳುತ್ತಾರೆ. ಹಾಗೆಯೇ ದಸರಾ ರಜೆ, ಕ್ರಿಸ್‌ಮಸ್ ವಾರ. ಮುಳ್ಳಯ್ಯನಗಿರಿಗೆ ಬರುವ ಪ್ರವಾಸಿಗರ ಮೇಲೆ ವರ್ಷದ ವ್ಯಾಪಾರ ನಿಂತಿರುವ ಕೆಫೆಯನ್ನು ಆ ದಿನಗಳಲ್ಲಿ ಮುಚ್ಚಿ ಬಣ್ಣ ಹೊಡೆಸಲು ಆಗುವುದಿಲ್ಲ.

ಬೋರ್ಡಿನ ವಿನ್ಯಾಸದಲ್ಲಿ ಇನ್ನೊಂದು ಕಟ್ಟುನಿಟ್ಟಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ವಾಣಿಜ್ಯ ಮಳಿಗೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಕಂಪನಿ ಕಳಿಸುವ ವಿನ್ಯಾಸದಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರದ ಕೆಳಗೆ ಕನ್ನಡ ಸಣ್ಣದಾಗಿರುತ್ತದೆ. ಅದನ್ನೇ ಮಾಡಿಸಿ ಹಾಕಿದರೆ ನಗರಸಭೆಯ ನೋಟಿಸು ಬರುವುದು ನಿಮಗೆ. ನೀವೇ ಕನ್ನಡ ದೊಡ್ಡದು ಮಾಡಿಸಿದರೆ ಬ್ರಾಂಡಿನ ನಿಯಮ ಮುರಿದಿರೆಂದು ಕಂಪನಿಯ ನೋಟಿಸು. ಆದ್ದರಿಂದ ಹೊಸ ಹೆಸರಿನ ಕನ್ನಡ ರೂಪ, ಅಕ್ಷರದ ಆಕಾರ, ಅಳತೆ ಎಲ್ಲವನ್ನೂ ಕಂಪನಿಯೇ ಕಾಯ್ದೆಗೆ ಸರಿಹೊಂದುವಂತೆ ಮಾಡಿ, ಒಪ್ಪಿಗೆ ಹಾಕಿ ಕಳಿಸಲಿ. ಆ ಮೇಲ್ ಬರುವವರೆಗೆ ಬೋರ್ಡಿನವರಿಗೆ ಮುಂಗಡ ಕೊಡಬೇಡಿ. ಕನ್ನಡ ಅಕ್ಷರದ ರೂಪಕ್ಕೂ ಟ್ರೇಡ್‌ಮಾರ್ಕ್ ಅರ್ಜಿ ಹಾಕುವಂತೆ ಕಂಪನಿಗೆ ಸೂಚಿಸಿ. ನಮ್ಮ ಗಿರಾಕಿ ಓದುವುದು ಅದನ್ನೇ.

ಪತ್ರ ಬಂದೇ ಬಿಟ್ಟರೆ

ಮೊದಲ ದಿನ ಮಾಡಬೇಕಾದ್ದು ಮಳಿಗೆಯ ಪಟ್ಟಿ. ಹೊರಗಿನ ಬೋರ್ಡಿನಿಂದ ಶುರುಮಾಡಿ ಒಳಗಿನವರೆಗೆ ಹೆಸರು ಎಲ್ಲೆಲ್ಲಿದೆ ನೋಡುತ್ತಾ ನಡೆಯಿರಿ: ಗಾಜಿನ ಮೇಲಿನ ವಿನೈಲ್ ಸ್ಟಿಕ್ಕರ್, ಮೆನು, ಪೇಪರ್ ಕಪ್ಪು, ಟಿಶ್ಯೂ, ಕ್ಯಾರಿ ಬ್ಯಾಗು, ಏಪ್ರನ್, ಬಿಲ್ಲಿನ ಮೇಲ್ಭಾಗ, ರಬ್ಬರ್ ಸೀಲು, ಡೆಲಿವರಿ ಬೈಕಿನ ಡಬ್ಬಿ, ಕ್ಯೂಆರ್ ಕೋಡಿನ ಸ್ಟ್ಯಾಂಡು. ಪ್ರತಿಯೊಂದಕ್ಕೂ ಫೋಟೋ, ಎಷ್ಟಿದೆ ಎಂಬ ಸಂಖ್ಯೆ, ಕೊಂಡ ಬಿಲ್ಲು. ಲೋಗೋ ಇರುವ ಕಪ್ಪುಗಳನ್ನು ಕಂಪನಿಯಿಂದಲೇ ಕೊಳ್ಳಬೇಕೆಂಬ ನಿಯಮ ಇದ್ದರೆ ಉಳಿದ ದಾಸ್ತಾನನ್ನು ಕೊಂಡ ಬೆಲೆಗೆ ವಾಪಸು ತೆಗೆದುಕೊಳ್ಳಲು, ಅಥವಾ ಮುಗಿಯುವವರೆಗೆ ಬಳಸಲು ಲಿಖಿತ ಅನುಮತಿ ಕೇಳಿ. ಬಾಯಲ್ಲಿ "ಪರವಾಗಿಲ್ಲ, ಖಾಲಿ ಮಾಡಿ" ಎಂದರೆ ಸಾಲದು. ಅನುಮತಿಯ ದಿನ ಮುಗಿದ ಮೇಲೆ ಹಳೇ ಹೆಸರಿನ ಬಳಕೆ ಉಲ್ಲಂಘನೆಯ ಲೆಕ್ಕಕ್ಕೆ ಹೋಗಬಹುದು.

ಎರಡನೆಯದು ಉತ್ತರ. ಸುಮ್ಮನಿದ್ದರೆ ಒಪ್ಪಿದಂತೆ ಎನ್ನುವ ಒಪ್ಪಂದಗಳಿವೆ, ಒಂದು ವಾರದೊಳಗೆ ಇಮೇಲ್ ಹೋಗಲಿ. ಸಿಟ್ಟಿನ ಮಾತು ಬೇಡ. ಕಾರಣ ಏನು, ಹೊಸ ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿಯ ಸಂಖ್ಯೆ ಏನು, ಅದು ಯಾವ ವರ್ಗದಲ್ಲಿದೆ, ಹೊಸ ಹೆಸರಿನ ಪ್ರಚಾರಕ್ಕೆ ಕಂಪನಿ ಏನು ಮಾಡುತ್ತದೆ, ಖರ್ಚಿನ ಹಂಚಿಕೆ ಹೇಗೆ ಎಂದು ಕೇಳಿ. ಹೊಸ ಹೆಸರನ್ನೂ ಮೇಲೆ ಹೇಳಿದಂತೆ ನೀವೇ ಹುಡುಕಿ ನೋಡಿ. ವಿವಾದದಿಂದ ತಪ್ಪಿಸಿಕೊಳ್ಳಲು ಇಟ್ಟ ಹೊಸ ಹೆಸರಿಗೇ ಇನ್ನೊಂದು ವಿವಾದ ಅಂಟಿಕೊಂಡಿದ್ದರೆ ಎರಡು ಸಲ ಬೋರ್ಡು ಮಾಡಿಸಬೇಕಾಗುತ್ತದೆ. ಊರಿನ ಬೇರೆ ಫ್ರಾಂಚೈಸಿಗಳು, ಹಾಸನ, ಶಿವಮೊಗ್ಗದವರು ನಿಮಗೆ ಗೊತ್ತಿದ್ದರೆ ಫೋನು ಮಾಡಿ ಒಟ್ಟಾಗಿ ಒಂದೇ ಪತ್ರ ಬರೆಯಿರಿ. ಹತ್ತು ಮಳಿಗೆಗಳ ಸಹಿ ಇರುವ ಪತ್ರವನ್ನು ಕಂಪನಿಯ ಕಾನೂನು ವಿಭಾಗ ಬೇರೆ ರೀತಿ ಓದುತ್ತದೆ.

ಕಟ್ಟಡ ಬಾಡಿಗೆಯದ್ದಾದರೆ ಮಾಲೀಕರ ಅನುಮತಿ. ಸರ್ಕಾರದ ಕಾಗದಗಳು ಬೇಗ ಮುಗಿಯುವಂಥವು: ಜಿಎಸ್‌ಟಿಯಲ್ಲಿ ಟ್ರೇಡ್ ನೇಮ್ ಬದಲಾದರೆ 15 ದಿನಗಳೊಳಗೆ ತಿದ್ದುಪಡಿ ಅರ್ಜಿ, ಪ್ರವೇಶದ ನಾಮಫಲಕದಲ್ಲಿ ಜಿಎಸ್‌ಟಿ ಸಂಖ್ಯೆ, ನಗರಸಭೆಯ ಉದ್ದಿಮೆ ಪರವಾನಗಿ, ಆಹಾರದ ವ್ಯಾಪಾರವಾದರೆ ಎಫ್‌ಎಸ್‌ಎಸ್‌ಎಐ, ಬ್ಯಾಂಕು ಮತ್ತು ಸ್ವೈಪ್ ಮಷಿನ್. ನಿಮ್ಮ ಲೆಕ್ಕಪರಿಶೋಧಕರಿಗೆ ಒಂದೇ ಸಲ ಪಟ್ಟಿ ಕೊಟ್ಟರೆ ಅವರೇ ನೋಡಿಕೊಳ್ಳುತ್ತಾರೆ. ಗೂಗಲ್ ಮ್ಯಾಪಿನ ಪುಟವನ್ನು ಮಾತ್ರ ನೀವೇ ಮಾಡಿ. ಹೊಸ ಪುಟ ತೆರೆಯಬೇಡಿ, ಇರುವುದರಲ್ಲೇ ಹೆಸರು ತಿದ್ದಿ. ಪ್ರವಾಸಿಗರು ಬರೆದ ವಿಮರ್ಶೆಗಳೆಲ್ಲ ಅದರಲ್ಲಿವೆ.

ಮಾತು ಮುರಿದುಬಿದ್ದರೆ ಒಪ್ಪಂದದಲ್ಲಿ ಮಧ್ಯಸ್ಥಿಕೆಯ (ಕೋರ್ಟಿನ ಬದಲು ಮಧ್ಯಸ್ಥರು ತೀರ್ಪು ಕೊಡುವ) ಕಲಂ ಇದೆಯೇ, ಸ್ಥಳ ಯಾವುದು ನೋಡಿ. ಇಲ್ಲದಿದ್ದರೆ, 3 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಫ್ರಾಂಚೈಸಿ ವ್ಯಾಜ್ಯಗಳು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ತುರ್ತು ತಡೆಯಾಜ್ಞೆ ಕೇಳದಿದ್ದರೆ ದಾವೆಗೆ ಮುಂಚೆ ಸಂಧಾನಕ್ಕೆ ಹೋಗುವುದು ಕಡ್ಡಾಯ. ಸಣ್ಣ ವ್ಯಾಪಾರಿಗಳಿಗೆ ಇದು ಒಳ್ಳೆಯ ಅವಕಾಶ ಎಂದೇ ನನ್ನ ಅನಿಸಿಕೆ. ಬೋರ್ಡಿನ ಖರ್ಚಿನಂಥ ವಿಷಯ ಸಂಧಾನದ ಮೇಜಿನ ಮೇಲೆ ತೀರಬಲ್ಲದ್ದು. ಈ ನಡುವೆ ರಾಯಲ್ಟಿ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ನಿಲ್ಲಿಸಿದ ಕೂಡಲೇ ಒಪ್ಪಂದ ಮುರಿದವರು ನೀವಾಗುತ್ತೀರಿ, ನಿಮ್ಮ ಕಡೆ ಇದ್ದ ನ್ಯಾಯ ಹಿಂದೆ ಸರಿಯುತ್ತದೆ.

ಬದಲಿಸುವುದಕ್ಕಿಂತ ಬಿಡುವುದೇ ಮೇಲು ಎಂದು ತೀರ್ಮಾನಿಸಿದರೆ ಹಳೇ ಗುರುತನ್ನು ಒಂದೂ ಉಳಿಯದಂತೆ ತೆಗೆಯಿರಿ, ಬಣ್ಣದ ವಿನ್ಯಾಸ, ಇನ್‌ಸ್ಟಾಗ್ರಾಂ ಪುಟದ ಹೆಸರು, ಡೆಲಿವರಿ ಆ್ಯಪ್‌ಗಳ ಪಟ್ಟಿ ಸೇರಿ. ಒಪ್ಪಂದ ಮುಗಿದ ಮೇಲೂ ಇದೇ ಬಗೆಯ ವ್ಯಾಪಾರ ಮಾಡಬಾರದು ಎಂಬ ಷರತ್ತನ್ನು 27ನೇ ಕಲಂ ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ, ಆದರೆ ಅವರ ಹೆಸರು, ಅವರ ಗುಟ್ಟಿನ ಪಾಕವಿಧಾನ ಬಳಸುವ ಹಕ್ಕು ನಿಮಗಿಲ್ಲ. ಬೋರ್ಡು ಇಳಿಸಿದ ದಿನ ಮಳಿಗೆಯ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದು ಅದೇ ದಿನ ಕಂಪನಿಗೆ ಮೇಲ್ ಮಾಡಿ. "ಮಾರ್ಕುಗಳನ್ನೆಲ್ಲ ತೆಗೆದದ್ದು ಪರಿಶೀಲಿಸಿದ್ದೇವೆ, ಈ ಬಗ್ಗೆ ನಮ್ಮ ಕಡೆಯಿಂದ ಬಾಕಿ ತಕರಾರಿಲ್ಲ" ಎಂಬ ಉತ್ತರವನ್ನು, ಡೆಪಾಸಿಟ್ಟಿನ ಲೆಕ್ಕದ ಜೊತೆ ಬರೆಸಿಕೊಳ್ಳಿ. ಇಳಿಸಿದ ಬೋರ್ಡನ್ನು ಗುಜರಿಗೆ ಹಾಕುವುದಿದ್ದರೆ ಹೆಸರಿನ ಅಕ್ಷರಗಳನ್ನು ಬಿಚ್ಚಿ ಕಂಪನಿಗೆ ಒಪ್ಪಿಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.